ನಡುವಿನ ಜಾಗ

ಒಂದು ಬಟನ್ನನ್ನು ಅದರ ಜಾಗದಲ್ಲಿ ಕೂರಿಸಲು ನಾನು ಇಡೀ ಮಧ್ಯಾಹ್ನ ಕಳೆದದ್ದುಂಟು. ಅಂಗಿಯ ಗುಂಡಿಯಲ್ಲ, ಕಂಪ್ಯೂಟರಿನ ಪರದೆಯ ಮೇಲಿನದು. ಬೈಲಹೊಂಗಲದ ಬೀಜ-ಗೊಬ್ಬರದ ಅಂಗಡಿಗಳಿಗೆ ತಂತ್ರಾಂಶ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಬಟನ್ ಕೂದಲೆಳೆಯಷ್ಟು ಸರಿದರೂ ನನಗೆ ಊಟ ಸೇರುವುದಿಲ್ಲ. ಅಂಗಡಿಯವರು ಅದನ್ನು ಗಮನಿಸಿದ್ದೇ ಇಲ್ಲ.

ಈ ಕಸುಬಿನಲ್ಲಿ ಬಟನ್ನನ್ನು ಮನಸ್ಸಿಗೆ ಬಂದಲ್ಲಿ ಅಂಟಿಸಬಾರದು. ಮೊದಲು ಒಂದು ಚೌಕಟ್ಟು ಹಾಕಬೇಕು, ಅದೇ ಕಂಟೇನರ್. ನಾನು ಬಳಸುವ ಚೌಕಟ್ಟಿನಲ್ಲಿ ಐದು ಜಾಗಗಳಿವೆ: ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ನಡು. ಇದನ್ನು ಮಾಡಿದವರು ಯಾವ ದೇಶದವರೋ, ವಾಸ್ತು ಮಾತ್ರ ನಮ್ಮಲ್ಲೇ ಕಲಿತಂತಿದೆ. ಒಂದು ಜಾಗಕ್ಕೆ ಒಂದೇ ವಸ್ತು. ನಡುವೆ ಒಂದಿರುವಾಗ ಮರೆತು ಇನ್ನೊಂದನ್ನು ಇಟ್ಟಿರೋ, ಹೊಸದಷ್ಟೇ ಕಾಣುತ್ತದೆ. ಹಳೆಯದು ಅಳಿಸಿಹೋಗಿರುವುದಿಲ್ಲ, ಆದರೆ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರ್ ತಪ್ಪೆಂದು ಹೇಳುವುದಿಲ್ಲ, ಹಳೆಯದೂ ತಕರಾರು ಮಾಡುವುದಿಲ್ಲ. ಹೊಸದಾಗಿ ಕಲಿಯುವವರು ಇದಕ್ಕೆ ತಲೆ ಕೆರೆದುಕೊಳ್ಳುವುದನ್ನು ನೋಡಿ ನಾನು ನಗುತ್ತಿದ್ದೆ.

ಹೋದ ವರ್ಷ ಮನೆ ಕಟ್ಟಿಸಿದೆವು. ನಕ್ಷೆ ನನ್ನದೇ. ಫ್ರಿಜ್ಜಿಗೆ, ಇನ್ವರ್ಟರಿಗೆ, ಚಪ್ಪಲಿಗೆ, ಇನ್ನೂ ಕೊಳ್ಳದ ವಾಷಿಂಗ್ ಮಷಿನ್ನಿಗೆ ಕೂಡ ಜಾಗ ಗುರುತಿಸಿದ್ದೆ. ಮದುವೆಯಾಗದೆ ನಮ್ಮ ಜೊತೆಗೇ ಇದ್ದ ಅಕ್ಕ ನೀಲವ್ವನ ಮಂಚವನ್ನು ಪಡಸಾಲೆಯ ನಡುವೆ, ಫ್ಯಾನಿನ ಕೆಳಗೆ ಹಾಕಿದ್ದಾಯಿತು. ಆಮೇಲೆ ಸೋಫಾ ಬಂತು. ಮಂಚ ಸದ್ಯಕ್ಕೆಂದು ಅಡುಗೆಮನೆಯ ಪಕ್ಕದ ಕೋಣೆಗೆ ಹೋಯಿತು. ಅಲ್ಲಿಗೆ ಜೋಳದ ಚೀಲಗಳು ಬಂದಾಗ ಮೆಟ್ಟಿಲ ಕೆಳಗೆ ಸೇರಿತು. ಅಕ್ಕ ಏನೂ ಅನ್ನಲಿಲ್ಲ. ಅನ್ನದಿರುವುದನ್ನು ನಾನು ಒಪ್ಪಿಗೆ ಎಂದುಕೊಂಡೆ.

ದಸರೆ ಮುಗಿದ ಮೇಲೆ ಅವಳು ಯರಗಟ್ಟಿಯಲ್ಲಿ ಬಾಡಿಗೆ ಕೋಣೆ ಹಿಡಿದು ರೊಟ್ಟಿ ಮಾಡಿ ಮಾರತೊಡಗಿದಳು. ಹೊರಡುವಾಗ ಮನೆಯನ್ನೊಮ್ಮೆ ಸುತ್ತಲೂ ನೋಡಿ, “ಚೊಲೊ ಕಟ್ಟಿಸಿದಿ ನೋಡಪಾ ತಮ್ಮಾ. ಎಲ್ಲಾ ತನ್ನ ತನ್ನ ಜಾಗಾದಾಗ ಐತಿ” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಒಂದಿಷ್ಟು ಜಗಳವಾಡಿ ಹಗುರಾಗುತ್ತಿದ್ದೆ. ಆ ಮಾತು ಈಗಲೂ ನನ್ನನ್ನು ಕುಟುಕುತ್ತದೆ.

ಮೊನ್ನೆ ಅವಳನ್ನು ಕಾಣಲು ಹೋಗಿದ್ದೆ. ಒಲೆ, ಹಿಟ್ಟಿನ ಡಬ್ಬಿ, ಒಂದು ಮಂಚ ಇಟ್ಟರೆ ಆ ಕೋಣೆ ಮುಗಿಯಿತು. ಕಸುಬಿನ ಕಣ್ಣಿನಿಂದ ಅಳೆದು ನೋಡಿದೆ. ಇನ್ನೇನೂ ಹಿಡಿಸುವಂತಿರಲಿಲ್ಲ.

“ಮನಿಗೆ ನಡಿ ಅಕ್ಕಾ, ಸೋಫಾ ತಗಸ್ತೇನಿ” ಎಂದೆ.

“ಇರಲಿ ಬಿಡೋ, ಬಂದವ್ರಿಗೆ ಕುಂದರಾಕ ಬೇಕಲ್ಲ. ನನಗ ಇಲ್ಲೇ ರೂಢಿ ಆಗೇತಿ” ಎಂದಳು ರೊಟ್ಟಿ ಬಡಿಯುತ್ತಲೇ.

ಆಮೇಲೆ ಕೈ ಒರೆಸಿಕೊಂಡು ಎದ್ದು, ಮಂಚವನ್ನು ಗೋಡೆಯತ್ತ ದೂಡಿದಳು. ಬಾಗಿಲ ಹಿಂದೆ ಒರಗಿಸಿದ್ದ ಮಣೆಯನ್ನು ತಂದು ಕೋಣೆಯ ನಡುವೆ, ಫ್ಯಾನಿನ ಕೆಳಗೆ ಹಾಕಿದಳು.

“ಕುಂದರು. ಖೋಲಿ ಹಿಡದ ದಿನಾನ ನಿನಗಂತ ತಂದಿಟ್ಟೇನಿ.”

ಕುಳಿತೆ. ಅಕ್ಕ ಬಿಸಿರೊಟ್ಟಿ ಬಡಿಸಿದಳು. ನಮ್ಮ ಮನೆಯಲ್ಲಿ ವಾಷಿಂಗ್ ಮಷಿನ್ನಿನ ಜಾಗ ಇನ್ನೂ ಖಾಲಿಯೇ ಇದೆ.