ತುಳಸಾನ ಮೈಮೇಲಿನ ಮುತ್ಯಾ

ಹಳಿಯಾಳದ ಆಚೆ, ಕಾಡಿನ ಅಂಚಿಗೆ ಹತ್ತಿಕೊಂಡಿರುವ ಸಿದ್ದಿಯರ ಆ ಕೇರಿಯಲ್ಲಿ ತುಳಸಾನನ್ನು "ನಿನಗೇನ ಬೇಕ?" ಎಂದು ಕೇಳಿದವರೇ ಇರಲಿಲ್ಲ. ಅವಳ ಮುಂದೆ ಬಂದು ಕೂತವರಿಗೆಲ್ಲ ತಮ್ಮ ತಮ್ಮ ಬೇಕುಗಳದೇ ಚಿಂತೆ. ಎತ್ತು ಮಾರಲೋ ಬೇಡವೋ, ಮಗಳನ್ನು ಮುಂಡಗೋಡದ ಕಡೆ ಕೊಡಲೋ ಬೇಡವೋ, ದುಡಿಯಲು ಗೋವೆಗೆ ಹೋದ ಗಂಡ ತಿರುಗಿ ಬಂದಾನೋ ಇಲ್ಲವೋ. ಅದೂ ಕೇಳುತ್ತಿದ್ದದ್ದು ಅವಳನ್ನಲ್ಲ, ಅವಳ ಮೈಮೇಲೆ ಬರುವ ಮುತ್ಯಾನನ್ನು. ಪಾಪ, ಅವಳು ಬರೀ ಮೈ.

ಅವರ ಮನೆಗಳಲ್ಲಿ ತೀರಿಹೋದ ಹಿರಿಯರು ಮನೆ ಬಿಟ್ಟು ಹೋಗುವುದಿಲ್ಲ. ಒಳಕೋಣೆಯ ಮೂಲೆಯಲ್ಲಿ ಒಂದು ತೆಂಗಿನಕಾಯಿಯಾಗಿ ಕೂತಿರುತ್ತಾರೆ. ಮಹಾನವಮಿಯಲ್ಲಿ ಆ ಕಾಯಿಗೆ ಪೂಜೆಯಾಗಿ, ಡಮಾಮಿ ಡೋಲು ಬಾರಿಸತೊಡಗಿದರೆ, ಮನೆಯ ಒಬ್ಬರ ಮೈಮೇಲೆ ಬಂದು ಮಾತಾಡುತ್ತಾರೆ. ಠಾಕಪ್ಪನ ಮನೆಯಲ್ಲಿ ಮುತ್ಯಾ, ಅಂದರೆ ಆ ಮನೆಯ ಹಿರಿಯಜ್ಜ, ಆರಿಸಿಕೊಂಡದ್ದು ಅವನ ಅಣ್ಣನ ಹೆಂಡತಿ ತುಳಸಾನನ್ನು, ಅವಳು ಮದುವೆಯಾಗಿ ಬಂದ ಮರುವರ್ಷವೇ. ಆಮೇಲೆ ಅವಳ ಗಂಡ ಜೇನು ಬಿಡಿಸಲು ಹತ್ತಿದ ಮರದಿಂದ ಬಿದ್ದು ಸತ್ತ. ಮಕ್ಕಳಿರಲಿಲ್ಲ. ತವರಿನವರು ಕರೆಯಲು ಬಂದರೆ ಠಾಕಪ್ಪ, "ವೈನಿ ಹ್ವಾದ್ರ ಮುತ್ಯಾ ಎಲ್ಲಿ ಇರಬೇಕ್ರಿ?" ಎಂದ. ಮುತ್ಯಾ ಉಳಿದ, ಅವನ ಜೊತೆಗೆ ಅವಳೂ ಉಳಿದಳು.

ಕೇರಿಗೆ ಗೊತ್ತಿಲ್ಲದ ಮಾತೊಂದಿತ್ತು. ಅದನ್ನು ಇಲ್ಲೇ ಹೇಳಿಬಿಡುವುದು ವಾಸಿ, ಮುಚ್ಚಿಟ್ಟು ಆಟ ಆಡಿಸುವ ಕಥೆ ಇದಲ್ಲ. ಮುತ್ಯಾ ಅವಳ ಮೈಮೇಲೆ ಬರುವುದು ನಿಂತು ವರ್ಷಗಳೇ ಆಗಿದ್ದವು. ಒಂದು ಮಹಾನವಮಿಯಲ್ಲಿ ಡೋಲು ಏರಿತು, ಊದಿನಕಡ್ಡಿಯ ಹೊಗೆ ತುಂಬಿತು, ಎಲ್ಲರೂ ಅವಳನ್ನೇ ನೋಡುತ್ತ ಕೂತರು. ಅವಳೂ ಕಾದಳು. ಬೆನ್ನಲ್ಲಿ ನಡುಕ ಹುಟ್ಟಲಿಲ್ಲ, ಕಣ್ಣು ಮಂಜಾಗಲಿಲ್ಲ. ನೀಲಾ, ಅಂದರೆ ಠಾಕಪ್ಪನ ಹೆಂಡತಿ, ಕೈಕೂಸನ್ನು ಎತ್ತಿಕೊಂಡು ಆಸೆಯಿಂದ ಮುಂದೆ ಬಂದು ಕೂತಿದ್ದಳು. ಅವಳನ್ನು ಬರಿಗೈಯಲ್ಲಿ ಕಳಿಸಲು ತುಳಸಾಗೆ ಮನಸ್ಸಾಗಲಿಲ್ಲ. ತಾನೇ ಮೈ ತೂಗಿದಳು, ತಾನೇ ದನಿ ದಪ್ಪ ಮಾಡಿದಳು. ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಕೇಳುವವರ ಮುಖ ನೋಡಿದರೆ ಸಾಕು, ಅವರಿಗೆ ಯಾವ ಉತ್ತರ ಬೇಕೆಂದು ತಿಳಿಯುತ್ತಿತ್ತು. ಎತ್ತು ಮಾರುವ ಮನಸ್ಸಿದ್ದವನಿಗೆ ಮಾರು ಎನ್ನುವಳು, ಮನಸ್ಸಿಲ್ಲದವನಿಗೆ ಇಟ್ಟುಕೋ ಎನ್ನುವಳು. ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಇದರಲ್ಲಿ ಮೋಸವೇನು ಬಂತು ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಜುಜೆ ಅಲ್ಲಿ ಡಮಾಮಿ ಬಾರಿಸಲು ಬರುವವನು. ಇಗರ್ಜಿಗೆ ಹೋಗುವ ಕ್ರೈಸ್ತ ಸಿದ್ದಿ, ಆದರೆ ಹಿರಿಯರೆಂದರೆ ಅವನಿಗೂ ಅಷ್ಟೇ ಭಯಭಕ್ತಿ. ದಾಂಡೇಲಿಯ ಅಂಬೇವಾಡಿಯಲ್ಲಿ ಮನೆ, ಕಾಳಿ ಹೊಳೆಯ ದಂಡೆಯ ಒಂದು ರಿಸಾರ್ಟಿನಲ್ಲಿ ಅಡುಗೆ ಕೆಲಸ. ಹೆಂಡತಿ ಕಾಯಿಲೆ ಬಿದ್ದಾಗ ಅವನೂ ಮುತ್ಯಾನ ಮುಂದೆ ಕೂತು, "ಉಳೀತಾಳನು?" ಎಂದು ಕೇಳಿದ್ದ. ಅವನ ಮುಖ ನೋಡಿ ತುಳಸಾ "ಉಳೀತಾಳ, ಮಗಾ" ಅಂದಿದ್ದಳು. ಅವಳು ಉಳಿಯಲಿಲ್ಲ. ಜುಜೆ ಮಾತ್ರ ಮುತ್ಯಾನನ್ನು ದೂರಲಿಲ್ಲ, ತನ್ನ ಹರಕೆಯಲ್ಲೇ ಏನೋ ತಪ್ಪಾಗಿತ್ತು ಎಂದುಕೊಂಡ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಳಿಯಾಳದ ಸಂತೆಯಲ್ಲಿ ಇಬ್ಬರೂ ಭೇಟಿಯಾದರು. ಚಹಾದಂಗಡಿಯ ಬಾಕಿನ ಮೇಲೆ ಕೂತು ಜುಜೆ ಕೇಳಿದ, "ಏನ್ ತಿಂತಿ?"

"ನೀ ಏನ್ ತಿಂತಿ ಅದ."

"ನನ್ನದ ಇರ್ಲಿ. ನಿನಗೇನ ಬೇಕ ಹೇಳು. ಹೇಳೂತನಕ ನಾನೂ ತಿನ್ನಂಗಿಲ್ಲ."

ಇದೆಂಥ ಹಟ ಎಂದು ಅವಳಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಹೆದರಿಕೆಯಾಯಿತು. ಯಾಕೆಂದರೆ ತನಗೆ ಏನು ಬೇಕೆಂದು ಹುಡುಕಿದರೆ ಒಳಗೆ ಏನೂ ಸಿಗಲಿಲ್ಲ. ಅಂಗಡಿಯವನು ಎರಡು ಸಲ ಬಂದು ಕೇಳಿ ಹೋದ. ಕಡೆಗೆ ಬಾಣಲೆಯ ಕಡೆ ನೋಡುತ್ತ ನೋಡುತ್ತ ಅವಳಿಗೆ ಬಿಸಿ ಜಿಲೇಬಿ ತಿನ್ನುವ ಆಸೆಯಾಯಿತು. ಹೇಳುವಾಗ ನಾಲಿಗೆ ತೊಡರಿತು. ತಿನ್ನುವಾಗ ಕಣ್ಣಲ್ಲಿ ನೀರು ಬಂತು, ನಾಚಿಕೆಗೆಟ್ಟವಳಂತೆ ಅಲ್ಲೇ ಅತ್ತಳು. ಜುಜೆ ಇನ್ನೊಂದು ತಟ್ಟೆ ತರಿಸಿದ.

ಎದ್ದು ಹೋಗುವ ಮುಂಚೆ ಅವನು ಹೇಳಿದ, "ನನ್ನ ಮನೀಗೆ ಬಂದು ಇರ್ತೀಯೇನು, ತುಳಸಾ?"

ಬರ್ತೇನಿ ಎಂದು ಅವಳ ಒಳಗೆ ಅಷ್ಟು ಜೋರಾಗಿ ಕೇಳಿಸಿತು. ತನ್ನ ದನಿ ಹೀಗಿರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಬರೀ ತಲೆಯಾಡಿಸಿದಳು.

ವಿಧವೆ ಇನ್ನೊಂದು ಮನೆ ಮಾಡುವುದು ಸಿದ್ದಿಯರಲ್ಲಿ ದೊಡ್ಡ ಮಾತೇನಲ್ಲ. ಹಿಂದೂ, ಕ್ರೈಸ್ತ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಡ್ಡಿ ಇದ್ದದ್ದು ಒಂದೇ. ಮುತ್ಯಾ ಬರುವ ಮೈಯನ್ನು ಮುತ್ಯಾನ ಅಪ್ಪಣೆ ಇಲ್ಲದೆ ಆ ಮನೆಯವರು ಕಳಿಸುವಂತಿರಲಿಲ್ಲ. ಜುಜೆಯೂ ಕೇಳದೆ ಕರೆದೊಯ್ಯುವವನಲ್ಲ. "ಮಹಾನವಮಿಗೆ ಮುತ್ಯಾನ ಮುಂದ ಕೇಳೂಣು. ಅವ ಹೂಂ ಅಂದ್ರ ಹೋಗೂಣು," ಅಂದ.

ಮುತ್ಯಾ ಬರುವುದಿಲ್ಲ ಎಂದು ಅವನೊಬ್ಬನಿಗಾದರೂ ಹೇಳಿಬಿಡಬೇಕು ಎಂದು ತುಳಸಾಗೆ ಅನಿಸಿತು. ಬಾಯಿ ತೆರೆದಳು ಕೂಡ. ಆದರೆ ಹೇಳಿದರೆ, ಉಳೀತಾಳ ಅಂದದ್ದು ಯಾರು ಎಂದು ಅವನಿಗೆ ತಿಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಳು. ಹೇಗೂ ಅಪ್ಪಣೆ ಕೊಡುವವಳು ತಾನೇ ಅಲ್ಲವೇ, ಮತ್ತೇಕೆ ಹೆದರಿಕೆ ಎಂದು ಧೈರ್ಯ ತಂದುಕೊಂಡಳು.

ಅಲ್ಲಿಂದ ಮುಂದೆ ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುತ್ತ ಆ ಮಾತನ್ನೇ ರೂಢಿ ಮಾಡಿಕೊಂಡಳು. "ಈಕೀ ಮನಸ್ಸು ದಾಂಡೇಲ್ಯಾಗ ಐತಿ. ಬಿಡ್ರಿ, ಹೋಗ್ಲಿ." ದಪ್ಪ ದನಿಯಲ್ಲಿ ಒಮ್ಮೆ, ಮೆಲ್ಲಗೆ ಒಮ್ಮೆ. ಪಕ್ಕದ ಸಾಲಿನ ಹೆಂಗಸರು "ತುಳಸಾಗ ಹುಚ್ಚ ಹಿಡದೈತಿ" ಎಂದು ನಕ್ಕರು. ಅವಳೂ ನಕ್ಕಳು. ಅಷ್ಟು ದಿನ ಖುಷಿಯಾಗಿದ್ದದ್ದು ಅವಳಿಗೆ ಅದೇ ಮೊದಲು, ಪಾಪ, ಅದೇ ಕಡೆಯದು ಕೂಡ.

ಮಹಾನವಮಿ ಬಂತು. ಮಧ್ಯಾಹ್ನ ಪೂಜೆಯಾಯಿತು. ಜುಜೆ ಎದೆಯೊಳಗಿನದನ್ನೆಲ್ಲ ಕೈಗೆ ತಂದು ಡಮಾಮಿ ಬಾರಿಸಿದ. ತುಳಸಾ ಕೂದಲು ಬಿಚ್ಚಿ ಮೈ ತೂಗಿದಳು. ಡೋಲು ಕೆಳಗಿಟ್ಟು ಅವನು ಬಾಗಿಲ ಹತ್ತಿರ ಕೈಕಟ್ಟಿ ಕೂತ. ಠಾಕಪ್ಪ ಮುಂದೆ ಬಂದು ನೆಲಕ್ಕೆ ಹಣೆ ಹಚ್ಚಿದ.

"ಮುತ್ಯಾ, ವೈನೀನ ಜುಜೆ ಕರಕೊಂಡ ಹೋಗ್ತೇನಿ ಅಂತಾನ. ಕಳಸೂಣೋ ಬ್ಯಾಡೋ, ನೀನ ಹೇಳು."

ಹೇಳುವುದಷ್ಟೇ ಬಾಕಿ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತುಳಸಾನ ಕಣ್ಣು, ಅಷ್ಟು ವರ್ಷಗಳ ರೂಢಿಯಂತೆ, ಮೊದಲು ಕೇಳಿದವನ ಮುಖಕ್ಕೆ ಹೋಯಿತು. ಠಾಕಪ್ಪನ ತುಟಿ ನಡುಗುತ್ತಿತ್ತು. ಅವನ ಹಿಂದೆ ನೀಲಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕೇರಿಯ ಮುದುಕಿಯರೆಲ್ಲ ಬೇಡ ಅನ್ನು, ಬೇಡ ಅನ್ನು ಎಂಬಂತೆ ನೋಡುತ್ತಿದ್ದರು. ತನ್ನದು, ತನ್ನದು ಎಂದು ಅವಳು ಒಳಗೆ ತಡಕಾಡಿದಳು. ಸಂತೆಯಲ್ಲಿ ಕೇಳಿದ್ದ ದನಿ ಎಲ್ಲೂ ಸಿಗಲಿಲ್ಲ.

"ಈ ಮೈ ಈ ಮನೀದು," ಅಂದಿತು ಬಾಯಿ. "ಎಲ್ಲಿಗೂ ಕಳಸಬ್ಯಾಡ್ರಿ."

ಮಾತು ಕಿವಿಗೆ ಬಿದ್ದಾಗ, ಒಂದು ಗಳಿಗೆ, ನಿಜವಾಗಿಯೂ ಮುತ್ಯಾನೇ ಬಂದನೇನೋ ಎಂದು ಆಸೆಪಟ್ಟಳು. ಬಂದಿರಲಿಲ್ಲ. ಬೆನ್ನು ತಣ್ಣಗಿತ್ತು, ಕಣ್ಣು ನಿಚ್ಚಳವಾಗಿತ್ತು. ಎಲ್ಲರಿಗೂ ಬೇಕಾದದ್ದನ್ನು ಹೇಳಿ ಹೇಳಿ ಪಳಗಿದ ನಾಲಿಗೆ, ತನ್ನ ಸರದಿ ಬಂದಾಗಲೂ ಅದನ್ನೇ ಹೇಳಿತ್ತು. ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಮುತ್ಯಾ ಎರಡು ಮಾತು ಆಡುವುದಿಲ್ಲ.

ನೀಲಾ ಅತ್ತುಬಿಟ್ಟಳು, ಸಮಾಧಾನದಿಂದ. ಯಾರೋ ಹರಕೆಯ ಕಾಯಿಯೊಂದನ್ನು ಒಡೆದರು. ಬಾಗಿಲ ಹತ್ತಿರ ಕೂತಿದ್ದ ಜುಜೆ ಎದ್ದು ಬಂದು ಅವಳ ಪಾದ ಮುಟ್ಟಿದ. ಅವನ ಕೈ ಬಿಸಿಯಾಗಿತ್ತು. ಅವನ ನೆತ್ತಿಯ ನರೆಗೂದಲನ್ನು ಅಷ್ಟು ಹತ್ತಿರದಿಂದ ನೋಡುತ್ತ ತುಳಸಾ ತಟ್ಟೆಯಿಂದ ಅಕ್ಕಿ ತೆಗೆದು ಅವನ ತಲೆಗೆ ಹಾಕಿ ಹರಸಿದಳು, ಹರಸಲೇಬೇಕಾಗಿತ್ತು.

ಅವನು ತಲೆ ಎತ್ತದೆ ಹೇಳಿದ, "ಆತು, ಮುತ್ಯಾ. ನೀ ಅಂದ ಮ್ಯಾಲ ಮುಗೀತು. ಆಕೀಗ ಏನ್ ಬೇಕ ಅಂತ ಆಕೀಗ ಹೇಳಾಕ ಬರೂದಿಲ್ಲ. ನೀನರ ಒಂದೊಂದ ಸಲ ಕೇಳತಿರು."

"ಕೇಳತೇನಿ, ಮಗಾ," ಅಂದಳು ತುಳಸಾ, ದಪ್ಪ ದನಿಯಲ್ಲಿ.

ಜುಜೆ ಡಮಾಮಿಯನ್ನು ಹೆಗಲಿಗೆ ಏರಿಸಿಕೊಂಡು ದಾಂಡೇಲಿಯ ಬಸ್ಸು ಹಿಡಿಯಲು ಹೊರಟ. ಒಳಗೆ ಇನ್ನೊಬ್ಬರು ಯಾರೋ ಮುಂದೆ ಬಂದು ಕೂತು, ತಮ್ಮ ಎಮ್ಮೆಯ ವಿಷಯ ಕೇಳತೊಡಗಿದರು.