ಫೋಟೋ ಮಾವನ ಕುಂಕುಮದ ಡಬ್ಬಿ

ಅವರ ಅಂಗಿಯ ಎಡಜೇಬು ಯಾವಾಗಲೂ ಕೆಂಪಗಿರುತ್ತಿತ್ತು. ಹಬ್ಬಕ್ಕೆ ಹೊಲಿಸಿದ ಹೊಸ ಅಂಗಿಯಾದರೂ ಎರಡೇ ದಿನದಲ್ಲಿ ಜೇಬಿನ ತಳಕ್ಕೆ ಕುಂಕುಮದ ಕಲೆ ಹತ್ತುತ್ತಿತ್ತು. ಗೊತ್ತಿಲ್ಲದವರು ಯಾರೋ ದೊಡ್ಡ ದೇವೀಭಕ್ತರೆಂದು ತಿಳಿದು ಅವರಿಗೆ ಕೈಮುಗಿದದ್ದೂ ಉಂಟು. ಅವರೂ ಬೇಡವೆನ್ನದೆ ಗಂಭೀರವಾಗಿ ತಲೆಯಾಡಿಸಿಬಿಡುತ್ತಿದ್ದರು. ಆ ಕಲೆ ದೇವರಿಂದ ಬಂದದ್ದಲ್ಲ, ನನ್ನಿಂದ ಬಂದದ್ದು.

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮವರಿಗೆ ಕಾರ್ಖಾನೆಯಲ್ಲಿ ಲೇತ್ ಕೆಲಸ. ಮನೆಯಲ್ಲಿ ನಾವಿಬ್ಬರು ಮತ್ತು ವಿಧವೆಯಾದ ನಮ್ಮತ್ತೆ. ಎದುರು ಸಾಲಿನಲ್ಲಿ ಒಂದು ಫೋಟೋ ಸ್ಟುಡಿಯೋ, ಅದರ ಹಿಂದೆಯೇ ಯಜಮಾನರ ಸಂಸಾರ. ಇಡೀ ಬೀದಿ ಅವರನ್ನು ಫೋಟೋ ಮಾವ ಎಂದು ಕರೆಯುತ್ತಿತ್ತು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಮೋಟಾರ್ ಸೈಕಲ್ಲೊಂದು ಅವರ ಬಳಿ ಇತ್ತು. ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು ಆಗಿನ ಹುಡುಗರಿಗೆ ದೊಡ್ಡ ಹುಚ್ಚು. ಹೆಣ್ಣಿನ ಮನೆಗೆ ಕಳಿಸುವ ಫೋಟೋದಲ್ಲಿ ಮೋಟಾರ್ ಸೈಕಲ್ ಇದ್ದರೆ ಗಂಡಿಗೆ ಒಂದು ತೂಕ ಹೆಚ್ಚು. ಓಡಿಸಲು ಒಬ್ಬನಿಗೂ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಸ್ಟುಡಿಯೋದಲ್ಲಿ ಗುಲಾಬಿ ತೋಟ ಬರೆದ ಪರದೆಯಿತ್ತು. ಆದರೆ ಚಳಿ ಮುಗಿದು ಮರಗಳು ಚಿಗುರುತ್ತಿದ್ದಂತೆ ಮಾವನಿಗೆ ಆ ಪರದೆ ಕಂಡರಾಗುತ್ತಿರಲಿಲ್ಲ. ಭಾನುವಾರ ಬೆಳಗಾದರೆ ಕಾಡುಹೂವಿನ ಜಾಗ ಹುಡುಕಿಕೊಂಡು ಹೊರಟುಬಿಡುವರು. ಮಾಗಡಿ ರಸ್ತೆ, ಮೂಡಲಪಾಳ್ಯದ ಬೇಲಿಗಳು, ಒಮ್ಮೊಮ್ಮೆ ಕೆಂಗೇರಿಯ ತನಕ. ದನ ಕಾಯುವವರಿಗೆ ಬೀಡಿ ಕೊಟ್ಟು, ಎಲ್ಲಿ ಏನು ಅರಳಿದೆ ಎಂದು ಕೇಳಿ ತಿಳಿಯುವರು. ಮುಂದಿನ ಭಾನುವಾರ ಗಿರಾಕಿಯನ್ನು ಹಿಂದೆ ಕೂರಿಸಿಕೊಂಡು ಹೋಗಿ, ಅಲ್ಲಿ ಅವನನ್ನು ಮುಂದಿನ ಸೀಟಿಗೆ ಹತ್ತಿಸಿ ಫೋಟೋ ತೆಗೆಯುವರು. ಆ ಜಾಗ ಎಲ್ಲಿದೆ ಎಂದು ಬೇರೆ ಸ್ಟುಡಿಯೋದವರಿಗೆ ಜಪ್ಪಯ್ಯ ಅಂದರೂ ಹೇಳುತ್ತಿರಲಿಲ್ಲ.

ಅವರ ಹತ್ತಿರ ಒಂದು ನೀಲಿ ಗಾಜಿನ ಚೂರಿತ್ತು. ಯಾವ ಹೂ ಕಂಡರೂ ಮೊದಲು ಅದನ್ನು ಕಣ್ಣಿಗೆ ಹಿಡಿದು, ಫೋಟೋದಲ್ಲಿ ಹೇಗೆ ಬಂದೀತೆಂದು ನೋಡುವರು. ಹುಡುಗರಿಗೆಲ್ಲ ಮುತ್ತುಗದ ಮರವೇ ಬೇಕು, ಮೈತುಂಬ ಕೆಂಡ ಹೊತ್ತಂತಿರುತ್ತದಲ್ಲ. ಮಾವ ಗಾಜನ್ನು ಅವರ ಕೈಗೆ ಕೊಡುವರು. ಗಾಜಿನೊಳಗೆ ಆ ಕೆಂಡವೆಲ್ಲ ಇದ್ದಿಲಾಗಿರುತ್ತಿತ್ತು. “ಫೋಟೋ ಪ್ಲೇಟಿಗೆ ಕೆಂಪು ಕಾಣಲ್ಲ ಕಣಪ್ಪ, ಕಪ್ಪು ಅಂದ್ಕೊಂಬಿಡುತ್ತೆ. ನೀಲಿ ಕಂಡ್ರೆ ಬೆಳ್ಳಗೆ ನಗುತ್ತೆ,” ಎನ್ನುವರು.

ಇಷ್ಟು ತಿಳಿದವರೇ ನಮ್ಮ ಮದುವೆಯ ಫೋಟೋ ಕೆಡಿಸಿದರು. ಆಗ ಫೋಟೋ ತೆಗೆಯುತ್ತಿದ್ದುದು ಗಾಜಿನ ಪ್ಲೇಟಿನ ಮೇಲೆ. ಬೆಳಕು ತಾಗದ ಹಾಗೆ ಒಂದೊಂದು ಪ್ಲೇಟನ್ನೂ ಚಪ್ಪಟೆ ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿರುತ್ತಿದ್ದರು. ಫೋಟೋ ತೆಗೆದಾದ ಪ್ಲೇಟಿನ ಪೆಟ್ಟಿಗೆಯೂ ತೆಗೆಯದ ಪ್ಲೇಟಿನ ಪೆಟ್ಟಿಗೆಯೂ ಹೊರಗಿನಿಂದ ಒಂದೇ ಥರ. ಅಂದು ಬೆಳಗ್ಗೆ ಯಾರೋ ಹುಡುಗನನ್ನು ಹೊಂಗೆ ಮರದ ಕೆಳಗೆ ಮೋಟಾರ್ ಸೈಕಲ್ ಮೇಲೆ ಕೂರಿಸಿ ಫೋಟೋ ತೆಗೆದು, ಮುಹೂರ್ತ ಮೀರುತ್ತದೆಂದು ನಮ್ಮ ಛತ್ರಕ್ಕೆ ಓಡಿಬಂದಿದ್ದರು. ಅವಸರದಲ್ಲಿ ಅದೇ ಪ್ಲೇಟನ್ನು ಮತ್ತೆ ಹಾಕಿದರು. ತೊಳೆದು ನೋಡಿದರೆ ನಮ್ಮಿಬ್ಬರ ಮೇಲೆ ಆ ಹುಡುಗ ಸವಾರಿ ಹೊರಟಿದ್ದ, ನನ್ನ ಮುಖವಿರಬೇಕಾದ ಕಡೆ ಗಾಡಿಯ ದೀಪವಿತ್ತು.

ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ. ಮದುವೆಯ ಫೋಟೋದಲ್ಲಿ ಪರಪುರುಷ ಬಂದು ಕೂತದ್ದು ಅಪಶಕುನವೆಂದು, ಮಾವನನ್ನು ನಮ್ಮ ಹೊಸ್ತಿಲು ಹತ್ತಲು ಬಿಡಲಿಲ್ಲ.

ಎರಡು ವರ್ಷಕ್ಕೆ ನಮ್ಮವರಿಗೆ ಕೆಮ್ಮು ಶುರುವಾಯಿತು. ಡಾಕ್ಟರು ಕ್ಷಯ ಎಂದರು, ಯುಗಾದಿ ಮುಗಿಸಿಕೊಂಡು ಸ್ಯಾನಿಟೋರಿಯಂಗೆ ಸೇರಿಸಿ ಎಂದರು. ಎಲ್ಲ ಆ ಫೋಟೋದ ಫಲ ಎಂದರು ಅತ್ತೆ. ನನಗೆ ಇದ್ದ ಸಂಕಟವೇ ಬೇರೆ. ನಾವಿಬ್ಬರೂ ಜೊತೆಗಿರುವ ಒಂದೇ ಒಂದು ಫೋಟೋ ಇಲ್ಲ, ಇವರು ವಾಪಸು ಬರದೇ ಹೋದರೆ ಏನು ನೋಡಿಕೊಂಡು ಬದುಕಲಿ? ಮನೆಯಲ್ಲಿ ಹೇಳುವಂತಿರಲಿಲ್ಲ. ಒಂದು ದಿನ ಬೀದಿ ನಲ್ಲಿಯ ಹತ್ತಿರ ಮಾವನ ಹೆಂಡತಿಯ ಮುಂದೆ ಅತ್ತುಬಿಟ್ಟೆ.

ಮಾವ ಆಮೇಲೆ ಮೂರು ಭಾನುವಾರ ಗಿರಾಕಿಗಳನ್ನು ಹಿಂದಕ್ಕೆ ಕಳಿಸಿ ನಮಗಾಗಿ ಜಾಗ ಹುಡುಕಿದರೆಂದು ಅವರ ಹೆಂಡತಿಯೇ ಹೇಳಿದರು. ರೋಗಿಗೆ ದೂರವಾಗಬಾರದು, ಧೂಳು ಏಳಬಾರದು, ನಾನು ಕೂತ ಜಟಕಾ ಅಲ್ಲಿಯವರೆಗೆ ಹೋಗಬೇಕು, ಹೂ ಫೋಟೋದಲ್ಲಿ ಬೆಳ್ಳಗೆ ಬೀಳಬೇಕು. ಯುಗಾದಿಯ ಮರುದಿನ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿನಲ್ಲಿ, ನಮ್ಮವರನ್ನು ಹಿಂದೆ ಕೂರಿಸಿಕೊಂಡು ಕುರುಬರಹಳ್ಳಿಯ ಆಚೆಗೆ ಮೆಲ್ಲಗೆ ಗಾಡಿ ಬಿಟ್ಟರು. ಹಿಂದೆ ನನ್ನ ಜಟಕಾ.

ಜಾಗ ನೋಡಿ ನನ್ನ ಮುಖ ಸಪ್ಪಗಾಯಿತು. ಒಂದು ಬಂಡೆ, ಒಂದು ಬೇವಿನ ಮರ, ಕಾಲಡಿಗೆ ಗರಿಕೆಯಂಥ ಏನೋ ಕುರುಚಲು. ಇದಕ್ಕೆ ಮೂರು ಭಾನುವಾರ ಬೇಕಿತ್ತೇ ಎಂದುಕೊಂಡೆ. ಮಾವ ನೀಲಿ ಗಾಜನ್ನು ನನ್ನ ಕೈಗಿಟ್ಟು ಕೆಳಗೆ ನೋಡಲು ಹೇಳಿದರು. ಹಬ್ಬದ ಮುಂಚೆ ಬಿದ್ದ ಒಂದು ಮಳೆಗೆ ನೆಲದ ತುಂಬ ವಿಷ್ಣುಕ್ರಾಂತಿ ಅರಳಿತ್ತು. ಬರಿಗಣ್ಣಿಗೆ ಲೆಕ್ಕಕ್ಕೇ ಬಾರದ ಆ ನೀಲಿ ಹೂಗಳು ಗಾಜಿನೊಳಗೆ ಅಕ್ಕಿ ಚೆಲ್ಲಿದಂತೆ ಬೆಳ್ಳಗಿದ್ದವು.

ನಮ್ಮವರನ್ನು ಗಾಡಿಯ ಮುಂದಿನ ಸೀಟಿಗೆ ಹತ್ತಿಸಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮವರು ಒಪ್ಪಲಿಲ್ಲ, ಹಿಂದೆ ಹತ್ತು ಎಂದರು. ಸೆರಗು ಬಿಗಿದು ಹತ್ತಿದೆ. ಹೂ ಮುಂದೆ ಬರಲೆಂದು ಮಾವ ಕ್ಯಾಮೆರಾವನ್ನು ನೆಲಕ್ಕೆ ಇಳಿಸಿ, ಇಸ್ತ್ರಿ ಅಂಗಿಯಲ್ಲೇ ಬೋರಲು ಮಲಗಿ, ಕರಿಬಟ್ಟೆ ಹೊದ್ದುಕೊಂಡರು. ಫೋಟೋ ತೆಗೆದು ಎದ್ದವರು ಪ್ಲೇಟಿನ ಪೆಟ್ಟಿಗೆಯನ್ನು ನನ್ನ ಮುಂದೆ ಹಿಡಿದರು.

“ತಾಯಿ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ಇದು ತೆಗೆದಾಗಿರೋ ಪ್ಲೇಟು ಅಂತ ನೀವೇ ಒಂದು ಗುರುತು ಮಾಡಿಬಿಡಿ,” ಎಂದರು.

ಗುರುತು ಮಾಡಲು ಕೈಯಲ್ಲಿ ಏನೂ ಇರಲಿಲ್ಲ. ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದುಕೊಂಡು ಪೆಟ್ಟಿಗೆಯ ಮೇಲೆ ಒಂದು ಬೊಟ್ಟಿಟ್ಟೆ.

ಫೋಟೋ ಚೆನ್ನಾಗಿ ಬಂತು. ನಮ್ಮವರು ಬಡವಾಗಿದ್ದಾರೆ, ಆದರೆ ನಗುತ್ತಿದ್ದಾರೆ. ನಾನು ಅವರ ಹೆಗಲು ಹಿಡಿದು ಬೆದರಿದ್ದೇನೆ. ಚಕ್ರಗಳ ಸುತ್ತ ಬಿಳಿ ಹೂ. ಅಂದಿನಿಂದ ಮಾವ ಒಂದು ಚಿಕ್ಕ ಡಬ್ಬಿಯಲ್ಲಿ ನನ್ನಿಂದ ಕುಂಕುಮ ತುಂಬಿಸಿಕೊಂಡು ಜೇಬಿನಲ್ಲಿಟ್ಟುಕೊಂಡರು. ತೆಗೆದಾದ ಪ್ಲೇಟಿನ ಪೆಟ್ಟಿಗೆಗೆಲ್ಲ ಒಂದು ಬೊಟ್ಟು. ಆಮೇಲೆ ಯಾರ ಮದುವೆಯ ಫೋಟೋದಲ್ಲೂ ಇನ್ನೊಬ್ಬ ಗಂಡು ಬಂದು ಕೂರಲಿಲ್ಲ.

ನಮ್ಮವರು ಸ್ಯಾನಿಟೋರಿಯಂನಿಂದ ಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೋದರು.

ನನಗಾಗ ಇಪ್ಪತ್ತೆರಡು. ಮುಂದಿನ ಯುಗಾದಿಯ ಬೆಳಗ್ಗೆ ಬೀದಿಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಅರಿಸಿನ ಕುಂಕುಮ ಕೊಡುತ್ತ ನಮ್ಮ ಮನೆಯನ್ನು ದಾಟಿ ಹೋಗುತ್ತಿದ್ದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆಗ ಮಾವ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತು, ಜೇಬಿನಿಂದ ಡಬ್ಬಿ ತೆಗೆದರು.

“ಡಬ್ಬಿ ಖಾಲಿಯಾಗಿದೆ, ತಾಯಿ. ತುಂಬಿಕೊಡಿ.”

ನಾನಿನ್ನು ಕುಂಕುಮ ಮುಟ್ಟುವಂತಿಲ್ಲವೆಂದು ಅವರಿಗೆ ಗೊತ್ತಿಲ್ಲದೆ ಇತ್ತೇ? ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಿಮ್ಮ ಮನೆಯಲ್ಲೇ ತುಂಬಿಸಿಕೊಳ್ಳಿ ಎಂದೆ.

“ಇದು ಹಣೆಗಲ್ಲ ತಾಯಿ, ಪ್ಲೇಟಿಗೆ. ನೀವು ತುಂಬಿಕೊಟ್ರೇನೇ ನನ್ನ ಕೈ ತಪ್ಪಲ್ಲ.”

ಬೀದಿಯಲ್ಲಿದ್ದವರೆಲ್ಲ ನಿಂತು ನೋಡುತ್ತಿದ್ದರು. ಹಿಂದಿನಿಂದ ಅತ್ತೆ ಬಂದರು. ಈಗ ಮಾವನಿಗೆ ಮಂಗಳಾರತಿ ಆಗುತ್ತದೆ ಎಂದುಕೊಂಡೆ. ಅತ್ತೆ ದೇವರ ಮನೆಗೆ ಹೋಗಿ, ದೇವರ ಕುಂಕುಮದ ಭರಣಿ ತಂದು ನನ್ನ ಕೈಗಿಟ್ಟರು. “ಕೊಡು. ಬಾಗ್ಲಿಗೆ ಬಂದು ಕೇಳ್ತಾ ಇದಾರೆ,” ಎಂದರು. ಆಮೇಲೆ ಮಾವನ ಕಡೆ ತಿರುಗಿ, “ಕೆಳಗ್ಯಾಕೆ ನಿಂತಿದೀರಿ, ಒಳಗೆ ಬನ್ನಿ,” ಎಂದರು.

ಆಮೇಲೆ ಪ್ರತಿ ಯುಗಾದಿಗೂ ಮಾವ ಬಂದರು. ಪ್ಲೇಟು ಹೋಗಿ ಫಿಲಂ ರೋಲು ಬಂತು, ಗುರುತು ಮಾಡುವ ಅಗತ್ಯವೇ ಉಳಿಯಲಿಲ್ಲ. ಹೂ ಬಿಡುತ್ತಿದ್ದ ಬಯಲೆಲ್ಲ ಸೈಟುಗಳಾದವು. ಆದರೂ ಡಬ್ಬಿ ವರ್ಷಕ್ಕೊಮ್ಮೆ ಖಾಲಿಯಾಗುತ್ತಲೇ ಇತ್ತು. ಎಲ್ಲಿ ಖಾಲಿ ಮಾಡುತ್ತಿದ್ದರೋ, ನಾನು ಕೇಳಲಿಲ್ಲ. ಎಲ್ಲರೂ ದಾಟಿ ಹೋಗುವ ಬಾಗಿಲಿಗೆ ಒಬ್ಬರು ಬರುತ್ತಾರೆಂದು ಹಬ್ಬದ ದಿನ ತಲೆ ಬಾಚಿಕೊಂಡು ಕಾಯುತ್ತಿದ್ದೆ.

ಒಂದು ಮಾಘದಲ್ಲಿ ಮಾವ ಸ್ಟುಡಿಯೋದಲ್ಲಿ ಕೂತಲ್ಲೇ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗ ಡಬ್ಬಿಯನ್ನು ತಂದು, ಅಪ್ಪ ಇದನ್ನು ನಿಮಗೆ ಕೊಡು ಅಂದಿದ್ದರು ಎಂದ. ಅದರಲ್ಲಿ ಸ್ವಲ್ಪ ಕುಂಕುಮ ಉಳಿದಿತ್ತು.

ಆ ಯುಗಾದಿಯ ಬೆಳಗ್ಗೆ ಉಳಿದ ಕುಂಕುಮವನ್ನು ನಮ್ಮ ದೇವರಿಗೆ ಏರಿಸಿ, ಡಬ್ಬಿಯನ್ನು ಒರೆಸಿ, ಎದುರು ಮನೆಗೆ ಹೋದೆ. ಮಾವನ ಹೆಂಡತಿ ಬರಿಯ ಹಣೆಯಲ್ಲಿ ಕಿಟಕಿಯ ಹತ್ತಿರ ನಿಂತಿದ್ದರು. ಬೀದಿಯ ಹೆಂಗಸರು ಅವರ ಬಾಗಿಲನ್ನು ದಾಟಿ ಹೋಗುತ್ತಿದ್ದರು.

“ಡಬ್ಬಿ ಖಾಲಿಯಾಗಿದೆ, ಅಮ್ಮಾ,” ಎಂದೆ. “ತುಂಬಿಕೊಡಿ.”