ಎಪ್ಪತ್ತಮೂರು ಎಂಬ ಸರಿಯುತ್ತರ

2016ರ ಅಕ್ಟೋಬರ್. ಬ್ಲೂ ಕಾರ್ಡ್ ಎಂಬ ಉದ್ಯೋಗ ಪರವಾನಗಿಯ ಮೇಲೆ ಜರ್ಮನಿಗೆ ಹೋಗಿ ನನಗದು ಮೂರನೆಯ ವರ್ಷ. ಬೊಬ್ಲಿಂಗೆನ್‌ನಿಂದ ಅರ್ಧ ಗಂಟೆ ದೂರದ ಆಸ್ಪತ್ರೆಯೊಂದರ ಸ್ಟ್ರೋಕ್ ವಿಭಾಗದಲ್ಲಿ ವೈದ್ಯೆಯಾಗಿದ್ದೆ. ಪಾರ್ಶ್ವವಾಯುವಿನ ತೀವ್ರತೆ ಅಳೆಯಲು ನಮಗೊಂದು ಸ್ಕೇಲ್ ಇದೆ. ಕೈಕಾಲಿನ ಬಲ, ಮಾತು, ಗ್ರಹಿಕೆ, ಒಂದೊಂದಕ್ಕೂ ಅಂಕ. ಇಲ್ಲಿ ಅಂಕ ಹೆಚ್ಚಿದಷ್ಟೂ ಸ್ಥಿತಿ ಗಂಭೀರ.

ಶ್ರೀಮತಿ ಕಿಮ್ ಅವರಿಗೆ ಹನ್ನೆರಡು ಅಂಕ ಬಂದಿತ್ತು. ವಯಸ್ಸು ಎಪ್ಪತ್ತೆರಡು. ಯೌವನದಲ್ಲೇ ಕೊರಿಯಾದಿಂದ ನರ್ಸ್ ಆಗಿ ಬಂದು ಜರ್ಮನಿಯಲ್ಲೇ ನಿವೃತ್ತರಾದವರು. ಬಲಗೈ ಸೋತಿತ್ತು. ಜರ್ಮನ್ ಭಾಷೆಯಂತೂ ಪೂರ್ತಿ ಹೋಗಿತ್ತು. ಕಣ್ಣು ಮುಚ್ಚಿ ಎಂದರೆ ನಮ್ಮ ಮುಖವನ್ನೇ ನೋಡುತ್ತಿದ್ದರು. ಐದನೆಯ ದಿನ ನಮ್ಮ ಹಿರಿಯ ವೈದ್ಯರು, "ಸೂಚನೆ ಅರ್ಥವಾಗದವರಿಗೆ ರೀಹ್ಯಾಬ್‌ನಿಂದ ವ್ಯಾಯಾಮ, ಮಾತಿನ ತರಬೇತಿಗಳಿಂದ ಪ್ರಯೋಜನವಿಲ್ಲ. ಆರೈಕೆ ಮನೆಗೆ ಬರೆಯಿರಿ" ಎಂದರು. ಅಲ್ಲಿಗೆ ಹೋದವರು ಮನೆಗೆ ಮರಳುವುದು ಅಪರೂಪ.

ನಾನು ಫಾರ್ಮ್ ತುಂಬುತ್ತಿದ್ದಾಗ ಮಂಗಳೂರಿನ ನರ್ಸ್ ಫ್ಲೇವಿಯಾ ಓಡಿಬಂದಳು.

"ಡಾಕ್ಟ್ರೇ, ಇವರಿಗೆ ಎಲ್ಲ ಗೊತ್ತಾಗ್ತದೆ ಮಾರಾಯ್ರೆ! ಡ್ರಿಪ್ ಟ್ಯೂಬಲ್ಲಿ ಗಾಳಿ ಗುಳ್ಳೆ ಇತ್ತು. ಎಡಗೈಯಲ್ಲಿ ತೋರ್ಸಿ ಎಂಥದೋ ಹೇಳಿದ್ರು. ಕೊರಿಯನ್ ಇರ್ಬೇಕು!"

ಅಂದೇ ಮಧ್ಯಾಹ್ನ ಹ್ಯಾಂಬರ್ಗ್‌ನಿಂದ ಮಗಳು ಮಿನಾ ಬಂದಳು. ಅವಳ ಮೂಲಕ ಕೇಳಿದೆವು. ತಿಂಗಳು ಸರಿಯಾಗಿ ಹೇಳಿದರು. ವಯಸ್ಸು? ಎಪ್ಪತ್ತಮೂರು.

"ತಪ್ಪು" ಎಂದರು ಹಿರಿಯ ವೈದ್ಯರು.

ಮಿನಾ ಅಳುತ್ತಲೇ ನಕ್ಕಳು. "ತಪ್ಪಲ್ಲ! ಕೊರಿಯಾದ ಲೆಕ್ಕದಲ್ಲಿ ಹುಟ್ಟುವಾಗಲೇ ಮಗುವಿಗೆ ಒಂದು ವರ್ಷ."

ನಾನು ಆರೈಕೆ ಮನೆಯ ಫಾರ್ಮ್ ಪಕ್ಕಕ್ಕಿಟ್ಟೆ. ಹಿರಿಯ ವೈದ್ಯರು ಮಾತ್ರ ಕರಗಲಿಲ್ಲ. "ಮಗಳು ಸುಳಿವು ಕೊಡಬಹುದು. ನಂಬುವಂಥ ಪರೀಕ್ಷೆ ತನ್ನಿ. ಮೂರು ದಿನ ಕಾಯುತ್ತೇನೆ."

ಆ ಮೂರು ದಿನ ನನಗೆ ಊಟ ತಿಂಡಿಯ ನೆನಪಿಲ್ಲ. ಸ್ಕೇಲ್‌ನ ಸೂಚನೆಗಳಿಗೆ ಮಿನಾ ಮಾಡಿದ ಅನುವಾದವನ್ನು ಕೊರಿಯನ್ ಚರ್ಚಿನ ನಿವೃತ್ತ ಶಿಕ್ಷಕಿಯೊಬ್ಬರಿಗೆ ತೋರಿಸಿದೆ. ಅವರು ಹುಬ್ಬು ಗಂಟಿಕ್ಕಿದರು. "ಇದು ಮಕ್ಕಳಿಗೆ ಹೇಳುವ ಮಾತು. ಹಿರಿಯರಿಗೆ ಹೀಗೆ ಹೇಳುತ್ತಾರೆಯೇ?" ‘ಮುಚ್ಚು’ ಮತ್ತು ‘ಮುಚ್ಚಿರಿ’ಗಳ ಅಂತರ ಕನ್ನಡದವಳಾದ ನನಗೆ ತಕ್ಷಣ ಹೊಳೆಯಿತು. ಅದೇ ಚರ್ಚಿನ ಆರು ಮಂದಿ ಆರೋಗ್ಯವಂತ ಹಿರಿಯರಿಗೆ, ಸ್ಕೇಲ್‌ನಲ್ಲಿ ಹೆಸರು ಹೇಳಿಸಲು ಬಳಸುವ ಚಿತ್ರಗಳನ್ನು ತೋರಿಸಿದರೆ, ಮರಗಳ ನಡುವೆ ಕಟ್ಟುವ ಜೋಲಿ ಮಂಚವನ್ನು ನಾಲ್ವರು ಮೀನಿನ ಬಲೆ ಎಂದರು! ಅದನ್ನು ತೆಗೆದು ಕೊಡೆಯ ಚಿತ್ರ ಹಾಕಿದೆವು. ಕೊರಿಯನ್‌ನಲ್ಲಿ ಇಂಗ್ಲಿಷಿನ ‘ಎಫ್’ ಉಚ್ಚಾರವಿಲ್ಲ. ಆ ಉಚ್ಚಾರವಿರುವ ಪದಗಳನ್ನು ಹೇಳಿಸಿ ನಾಲಿಗೆ ತೊದಲುತ್ತದೆಂದು ಅಂಕ ಹಾಕುವುದು ಅನ್ಯಾಯ. ಅವನ್ನೂ ಬದಲಿಸಿದೆವು. ಆ ಆರು ಮಂದಿಗೂ ಸೊನ್ನೆ ಬರುವವರೆಗೆ ತಿದ್ದಿದೆವು.

ಮೂರನೆಯ ದಿನ ಮಿನಾಳನ್ನು ಹೊರಗೆ ಕೂರಿಸಿ ಶಿಕ್ಷಕಿಯೇ ಪ್ರಶ್ನೆ ಓದಿದರು. ಶ್ರೀಮತಿ ಕಿಮ್ ಕಣ್ಣು ಮುಚ್ಚಿದರು, ತೆರೆದರು, ಎಡಗೈ ಮುಷ್ಟಿ ಬಿಗಿದರು. ಚಿತ್ರಗಳಲ್ಲಿ ಎರಡಕ್ಕೆ ಮಾತ್ರ ಪದ ಸಿಗದೆ ತಡವರಿಸಿದರು. ಸೋತ ಬಲಗೈಯದೂ ಸೇರಿ ಒಟ್ಟು ಅಂಕ ಐದು.

"ಏಳು ಕಮ್ಮಿ ಆಯ್ತಾ!" ಫ್ಲೇವಿಯಾ ನನ್ನ ತೋಳು ಹಿಡಿದು ಕುಣಿದೇಬಿಟ್ಟಳು.

ಹಿರಿಯ ವೈದ್ಯರು ಹಾಳೆಯನ್ನು ಎರಡು ಸಲ ಓದಿದರು. "ಇದನ್ನು ಸ್ಕೇಲ್ ಎಂದು ಕರೆಯಲು ಇನ್ನೂ ನೂರಾರು ರೋಗಿಗಳು ಬೇಕು. ಈ ಒಬ್ಬರಿಗೆ ಸಾಕು" ಎಂದು ರೀಹ್ಯಾಬ್ ಅರ್ಜಿಗೆ ಸಹಿ ಹಾಕಿದರು. ಮರುವಾರ ಶ್ರೀಮತಿ ಕಿಮ್ ಹೊರಟರು. ಆಂಬ್ಯುಲೆನ್ಸ್ ಬಾಗಿಲಲ್ಲಿ ಸ್ಟ್ರೆಚರ್‌ನ ಬೆಲ್ಟ್ ಸಡಿಲವಿದೆಯೆಂದು ಚಾಲಕನಿಗೆ ಸನ್ನೆಯಲ್ಲೇ ಗದರಿದರು.

ಆಮೇಲೆ ಎಷ್ಟೋ ರೋಗಿಗಳನ್ನು ಪರೀಕ್ಷಿಸಿದ್ದೇನೆ. ಉತ್ತರ ತಪ್ಪೆಂದು ಬರೆಯುವ ಮುನ್ನ, ನಾನು ಕೇಳಿದ ಪ್ರಶ್ನೆ ಅವರನ್ನು ತಲುಪಿತೇ ಎಂದು ಒಮ್ಮೆ ಪೆನ್ನು ಕೆಳಗಿಟ್ಟು ಯೋಚಿಸುತ್ತೇನೆ.